ಅಂಗಳ ದಾಟದ ಪ್ರವಾಸ

ಜುಲೈ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ ಆರ್ಲೋ ಶ್ರಾಕ್ ತನ್ನ ಗಾಲಿಮನೆ ಟ್ರೇಲರನ್ನು ಪಿಕಪ್ ಗಾಡಿಗೆ ಕಟ್ಟಿಕೊಂಡು ವಾರ್ಷಿಕ ಪ್ರವಾಸಕ್ಕೆ ಹೊರಟ. ಆರು ಗಂಟೆ ನಾಲ್ಕು ನಿಮಿಷಕ್ಕೆ ತಲುಪಿದ. ಗ್ಯಾರೇಜಿನ ಹಿಂಬದಿಯಿಂದ ಮನೆಯ ಮುಂದಿನ ಅಂಗಳದವರೆಗೆ ಒಟ್ಟು ನಲವತ್ತು ಹೆಜ್ಜೆ ದೂರ. ಅಷ್ಟರಲ್ಲೇ ಒಂದು ಸಲ ಗುಲಾಬಿ ಗಿಡದ ಮೇಲೆ ಹತ್ತಿಸಿಯೂ ಆಗಿತ್ತು.

ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದ ಹೆಂಡತಿ ಟ್ವೈಲಾ ಕೇಳಿದಳು: "ಬಂತಾ?"

"ಬಂತು."

"ಈ ಸಲ ದಾರಿ ಸವೆದದ್ದೇ ಗೊತ್ತಾಗಲಿಲ್ಲ, ಮಾರಾಯ."

ಆರ್ಲೋ ಇಳಿದು ಹೋಗಿ, ಅಂಗಳದ ಮೂಲೆಯಲ್ಲಿ ಒಂದು ಹಳೇ ಮರದ ಹಲಗೆ ನೆಟ್ಟ. ಅದರ ಮೇಲೆ ಹಳದಿ ಬಣ್ಣದಲ್ಲಿ '೧೪' ಎಂದಿತ್ತು.

ಈ ಹದಿನಾಲ್ಕರ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಶ್ರಾಕ್ ದಂಪತಿ ಜುಲೈನಲ್ಲಿ ಎರಡು ವಾರ ಉತ್ತರಕ್ಕೆ ಹೋಗಿ ಲೂನ್ ಸರೋವರದ ದಂಡೆಯಲ್ಲಿ, ಹದಿನಾಲ್ಕನೇ ನಂಬರಿನ ಜಾಗದಲ್ಲಿ ಟ್ರೇಲರು ನಿಲ್ಲಿಸುತ್ತಿದ್ದರು. ಹದಿಮೂರು ಬೇಡ, ಹದಿನೈದೂ ಬೇಡ. ಹದಿನಾಲ್ಕರಲ್ಲೇ ಬೆಳಿಗ್ಗೆ ನೀರಿನ ಮೇಲೆ ಕೂತ ಮಂಜು ಹಾಸಿಗೆಯಿಂದಲೇ ಕಾಣುತ್ತಿತ್ತು. ಅಲ್ಲಿ ಟ್ವೈಲಾ ನಗುತ್ತಿದ್ದ ರೀತಿ ಊರಿನಲ್ಲಿ ನಗುತ್ತಿದ್ದ ರೀತಿಯೇ ಅಲ್ಲ ಎಂದು ಆರ್ಲೋಗೆ ಅನಿಸುತ್ತಿತ್ತು. ಅಲ್ಲಿನ ಕಾವಲುಗಾರ ಹೊಸ ತಗಡಿನ ನಂಬರು ಹಾಕಿದ ವರ್ಷ ಹಳೇ ಹಲಗೆಯನ್ನು ಇವನಿಗೇ ಕೊಟ್ಟುಬಿಟ್ಟಿದ್ದ.

ಆದರೆ ಈಗ ಬಂದಿದ್ದು ಎರಡು ಸಾವಿರದ ಒಂಬತ್ತನೇ ಇಸವಿ. ಇಂಡಿಯಾನಾದ ಉತ್ತರ ಮೂಲೆಯ ಆ ಊರಿನಲ್ಲಿ ಟ್ರೇಲರು ಕಟ್ಟುವುದು ಬಿಟ್ಟರೆ ಬೇರೆ ಕಸುಬಿರಲಿಲ್ಲ. ಒಲೆ, ಹಾಸಿಗೆ, ಕೈತೊಳೆಯುವ ತೊಟ್ಟಿ ಎಲ್ಲ ಇಟ್ಟು, ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಗಾಲಿಮನೆಗಳನ್ನು ಇಡೀ ದೇಶಕ್ಕೆ ಅವರೇ ಕಟ್ಟಿ ಕಳಿಸುತ್ತಿದ್ದರು. ದೇಶ ಖುಷಿಯಲ್ಲಿದ್ದಾಗ ಕೊಳ್ಳುವ ವಸ್ತುಗಳಲ್ಲಿ ಟ್ರೇಲರು ಮೊದಲನೆಯದು, ಹೆದರಿದಾಗ ಬೇಡವೆನ್ನುವುದರಲ್ಲೂ ಅದೇ ಮೊದಲನೆಯದು. ಹೋದ ಚಳಿಗಾಲದಲ್ಲಿ ಬ್ಯಾಂಕುಗಳು ಮುಳುಗಿ ದೇಶ ಹೆದರಿತು. ಇಪ್ಪತ್ತಾರು ವರ್ಷ ಟ್ರೇಲರಿನ ಬೀರುಗಳಿಗೆ ಬಾಗಿಲು ಕೂರಿಸಿದ್ದ ಆರ್ಲೋನನ್ನು ಫ್ಯಾಕ್ಟರಿಯವರು ಒಂದು ಶುಕ್ರವಾರ ಕೈಕುಲುಕಿ ಮನೆಗೆ ಕಳಿಸಿದರು.

ಊರ ತುಂಬ ಅಂಗಳಕ್ಕೊಂದು ಟ್ರೇಲರು, ಟ್ರೇಲರಿಗೊಂದು 'ಮಾರಾಟಕ್ಕಿದೆ' ಬೋರ್ಡು. ಎಲ್ಲರೂ ಮಾರುವವರೇ ಆದಮೇಲೆ ಕೊಳ್ಳುವವರು ಎಲ್ಲಿಂದ ಬರಬೇಕು? ಕೊನೆಗೆ ಟ್ವೈಲಾಳ ಅಣ್ಣ ಓಹಾಯೋದಲ್ಲಿ ಒಬ್ಬ ಗಿರಾಕಿಯನ್ನು ಹುಡುಕಿದ. ಎರಡು ವಾರ ಬಿಟ್ಟು ಶನಿವಾರ ಬಂದು ಟ್ರೇಲರು ಎಳೆದುಕೊಂಡು ಹೋಗುತ್ತೇನೆ ಎಂದು ಅವನು ಮಾತು ಕೊಟ್ಟ. ಆ ದುಡ್ಡಿನಲ್ಲಿ ಚಳಿಗಾಲ ದಾಟಬಹುದು ಎಂದು ಟ್ವೈಲಾ ಲೆಕ್ಕ ಹಾಕಿದಳು. ಅವಳು ಈಗ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು, ಆರ್ಲೋ ಮಾತ್ರ ಇನ್ನೂ ಗ್ಯಾರೇಜಿನ ಹಿಂದೆ ನಿಂತು ಟ್ರೇಲರಿನ ಮೈ ಸವರುತ್ತಿದ್ದ. ಅದು ಅವನೇ ಕಟ್ಟಿದ ಟ್ರೇಲರು. ಎಂಬತ್ತೇಳರಲ್ಲಿ ಜೊತೆಗಾರರೆಲ್ಲ ರಜೆಯ ಶನಿವಾರಗಳಲ್ಲಿ ಬಂದು ಕೈಗೂಡಿಸಿ, ಬಟ್ಟೆ ಬೀರುವಿನ ಬಾಗಿಲ ಒಳಮೈ ಮೇಲೆ ಬಡಗಿ ಪೆನ್ಸಿಲಿನಿಂದ ಹನ್ನೊಂದು ಜನ ಹೆಸರು ಬರೆದಿದ್ದರು.

"ಕೊನೇ ಸಲ ಅದರೊಳಗೆ ಎರಡು ವಾರ ಇದ್ದುಬಿಡೋಣ ಕಣೇ. ಸರೋವರಕ್ಕೆ ಹೋಗೋಕೆ ಪೆಟ್ರೋಲಿಗೆ ಗತಿ ಇಲ್ಲ, ಸರಿ. ಸರೋವರ ಇಲ್ಲದೆ ಹೋದ್ರೆ ಏನಾಯ್ತು?" ಎಂದ ಆರ್ಲೋ.

ಟ್ವೈಲಾ ಒಪ್ಪಿದಳು. ಆದರೆ ಆರ್ಲೋ ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವನಲ್ಲ, ಅದೇ ಎಡವಟ್ಟಾಯಿತು. ಪ್ರವಾಸವೆಂದರೆ ಪ್ರವಾಸ ಎಂದು ಪ್ರತಿ ವರ್ಷದ ಹಾಗೆಯೇ ಅಂಚೆಯವರಿಗೆ ಹೇಳಿ ಪತ್ರ ನಿಲ್ಲಿಸಿದ. ಪೇಪರು ನಿಲ್ಲಿಸಿದ. ಮನೆಯ ಪರದೆಗಳನ್ನೆಲ್ಲ ಎಳೆದು, ಜಗಲಿಯ ದೀಪ ಆರಿಸಿ, ಬಾಗಿಲಿಗೆ ಬೀಗ ಜಡಿದ. ಬೀಗದ ಕೈ ಟ್ವೈಲಾಳ ಕೈಚೀಲ ಸೇರಿತು. ರಜೆಯಲ್ಲಿ ಹುಲ್ಲು ಕತ್ತರಿಸುವುದು ಅವನ ಜನ್ಮದಲ್ಲೇ ಇರಲಿಲ್ಲ, ಹಾಗಾಗಿ ಹುಲ್ಲು ತನ್ನ ಪಾಡಿಗೆ ತಾನು ಬೆಳೆಯಿತು.

ಪರದೆ ಎಳೆದ ಮನೆ, ಪತ್ರ ಬಾರದ ಡಬ್ಬಿ, ಕತ್ತರಿಸದ ಹುಲ್ಲು. ಸಾಲ ತೀರದ ಮನೆಯನ್ನು ಬ್ಯಾಂಕು ಕಿತ್ತುಕೊಂಡಿದೆ ಎಂಬುದೇ ಇದರ ಅರ್ಥ, ಆ ವರ್ಷ ಆ ಊರಿನಲ್ಲಿ ಎಳೆಯ ಮಗುವಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವನು ಆರ್ಲೋ ಒಬ್ಬನೇ.

ಮಂಗಳವಾರ ಸಂಜೆ, ಎದುರು ಮನೆಯ ಬರ್ನೀಸಮ್ಮ ರಸ್ತೆ ದಾಟಿ ಬಂದರು. ಎಪ್ಪತ್ತೊಂದರ ವಿಧವೆ, ಚರ್ಚಿನ ನೆರವು ಸಮಿತಿಗೆ ಹದಿನೆಂಟು ವರ್ಷಗಳಿಂದ ಅಧ್ಯಕ್ಷೆ, ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಆ ಕಷ್ಟಕ್ಕಿಂತ ಎರಡು ಹೆಜ್ಜೆ ಹಿಂದೆ ತಲುಪುವವರು. ಕೈಯಲ್ಲಿ ಗಾಜಿನ ಬೋಗುಣಿ, ಅದರಲ್ಲಿ ಕೋಳಿಮಾಂಸ ಬೆರೆಸಿ ಚೀಸು ಸುರಿದು ಬೇಯಿಸಿದ ನೂಡಲ್ಸು, ಬೋಗುಣಿಯ ತಳಕ್ಕೆ ಅಂಟುಪಟ್ಟಿಯಲ್ಲಿ 'ಬರ್ನೀಸ್ ಲೀಬರ್ಟ್' ಎಂಬ ಹೆಸರು.

ಆ ಊರಿನಲ್ಲಿ ಗಾಜಿನ ಬೋಗುಣಿಗೆ ಎರಡು ಕಟ್ಟಳೆಗಳಿವೆ. ಸಾವು, ಹೆರಿಗೆ, ಮನೆ ಕಳೆದುಕೊಂಡದ್ದು, ಈ ಮೂರು ಕಡೆಗೆ ಮಾತ್ರ ಬೋಗುಣಿ ಹೋಗುತ್ತದೆ. ಹಾಗೆ ಬಂದ ಬೋಗುಣಿಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನಾದರೂ ಹಾಕಿಯೇ ಕೊಡಬೇಕು, ಒಂದು ಮೊಟ್ಟೆಯಾದರೂ ಸರಿ.

ಟ್ವೈಲಾ ಬೋಗುಣಿ ಕಂಡವಳೇ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಯಾರು ಹೋದ್ರು?"

"ಯಾರೂ ಹೋಗಲಿಲ್ಲ ಮಗಳೇ, ನೀವಿದ್ದೀರಲ್ಲ, ಅಷ್ಟು ಸಾಕು" ಎಂದರು ಬರ್ನೀಸಮ್ಮ, ಕಣ್ಣೊರೆಸಿಕೊಳ್ಳುತ್ತ. "ಇದರೊಳಗೆ ನಿದ್ದೆ ಬರುತ್ತಾ?"

"ಏನು ನಿದ್ದೆ ಅಂತೀರಿ! ನಾವು ರಜೆಯಲ್ಲಿದ್ದೀವಿ, ಬರ್ನೀಸಮ್ಮ" ಎಂದ ಆರ್ಲೋ ಬಟ್ಟೆಯ ಚಪ್ಪರದಡಿ ಕುರ್ಚಿಯಲ್ಲಿ ಕಾಲು ಚಾಚಿ.

"ಹೌದಪ್ಪಾ, ಹೌದು. ಹಾಗೇ ಅಂದ್ಕೋಬೇಕು."

"ಅಂದ್ಕೊಳ್ಳೋದಲ್ಲ, ನಿಜವಾಗ್ಲೂ ರಜೆ. ಮನೆ ನಮ್ಮದೇ."

"ಮನಸ್ಸಿನಲ್ಲಿ ಯಾವಾಗ್ಲೂ ನಿಮ್ಮದೇ ಕಣಪ್ಪಾ" ಎಂದು ಅವನ ತಲೆ ಸವರಿ, ಬರ್ನೀಸಮ್ಮ ಟ್ರೇಲರಿನೊಳಗೆ ಒಮ್ಮೆ ಇಣುಕಿ ನೋಡಿದರು. "ನೀರಿಗೇನು ಮಾಡ್ತೀರಿ?"

"ಗಿಡಕ್ಕೆ ಹಾಕೋ ಪೈಪು ಇದೆಯಲ್ಲ, ಅದರಿಂದ."

ಬರ್ನೀಸಮ್ಮ ನಿಟ್ಟುಸಿರು ಬಿಟ್ಟು ಹೋದರು. ಬುಧವಾರ ಮೂರು ಬೋಗುಣಿ ಬಂದವು. ಗುರುವಾರ ಐದು. ಹಾರ್ಡ್‌ವೇರ್ ಅಂಗಡಿಯವನು ಆರ್ಲೋ ಕೊಂಡ ಎರಡು ಮೊಳೆಗೆ ದುಡ್ಡು ಮುಟ್ಟಲಿಲ್ಲ. ಕ್ಷೌರಿಕ ತಲೆ ಬೋಳಿಸಿದಷ್ಟು ಕತ್ತರಿಸಿ, "ಇದು ಆರು ವಾರ ತಡೆಯುತ್ತೆ, ಆರ್ಲೋ" ಎಂದು ಬೆನ್ನು ತಟ್ಟಿ ಕಳಿಸಿದ. ಭಾನುವಾರ ಪಾದ್ರಿಗಳು ಪ್ರಾರ್ಥನೆಯಲ್ಲಿ "ನಮ್ಮ ನಡುವೆ ಚಕ್ರಗಳ ಮೇಲೆ ಬದುಕುವವರಿಗಾಗಿ" ಎಂದಾಗ ಇಡೀ ಚರ್ಚು ತಿರುಗಿ ಅವನನ್ನು ನೋಡಿತು. ಆರ್ಲೋ ಎದ್ದು ನಿಂತು, "ಮನೆ ನಮ್ಮದೇ!" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದ ಸದ್ದು ಕೇಳಿತು.

"ಇನ್ನು ಬಾಯಿ ಬಿಡಬೇಡ ಮಾರಾಯ. ನೀನು ಹೇಳಿದಷ್ಟೂ ಬೋಗುಣಿ ಜಾಸ್ತಿ ಆಗ್ತಿವೆ" ಎಂದಳು ಟ್ವೈಲಾ.

ಈ ಕಡೆ ದಿನಕ್ಕೊಂದು ಸಲ ಬರ್ನೀಸಮ್ಮ ಬಂದು, ಒಂದೊಂದು ಪ್ರಶ್ನೆ ಕೇಳಿ ಹೋಗುತ್ತಿದ್ದರು. ಚಳಿಗಾಲದಲ್ಲಿ ಬೆಚ್ಚಗಿರುತ್ತಾ? ಮಳೆ ಬಂದರೆ ಸದ್ದು ಬಹಳ ಆಗುತ್ತಾ? ಹಾಸಿಗೆ ಹತ್ತಲು ಮೊಣಕಾಲು ನೋಯುತ್ತಾ? ಮುದುಕಿಗೆ ತನ್ನ ಮೇಲಿರುವ ಕರುಣೆ ಮಿತಿಮೀರಿತೆಂದು ಆರ್ಲೋ ಹಲ್ಲು ಕಚ್ಚಿಕೊಂಡು ಉತ್ತರ ಕೊಡುತ್ತಿದ್ದ.

ಎರಡನೇ ವಾರದ ಬುಧವಾರ ನಗರಸಭೆಯ ಗ್ಲೆನ್ ಪ್ಲೆಚರ್ ಬಂದ. ಅಂಗಳದಲ್ಲಿ ನಿಲ್ಲಿಸಿದ ಟ್ರೇಲರಿನಲ್ಲಿ ಮೂರು ರಾತ್ರಿಗಿಂತ ಹೆಚ್ಚು ಮಲಗಬಾರದೆಂಬ ಕಾನೂನನ್ನು ಕಾಯುವ ಕೆಲಸ ಅವನದು. ಮೊದಲು ಅವನೂ ಫ್ಯಾಕ್ಟರಿಯಲ್ಲಿ ಆರ್ಲೋನ ಪಕ್ಕದ ಬೆಂಚಿನಲ್ಲೇ ಇದ್ದವನು. ದಂಡದ ರಸೀತಿ ಪುಸ್ತಕವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಬಂದು ನಿಂತ.

"ಲೋ ಆರ್ಲೋ, ನನ್ನ ಕೈ ಕಟ್ಟಿಹಾಕಬೇಡ. ರಾತ್ರಿ ಮನೆಯೊಳಗೇ ಮಲಗ್ತೀನಿ ಅಂತ ಒಂದು ಮಾತು ಹೇಳಿಬಿಡು, ಬರ್ಕೊಂಡು ಹೋಗ್ತೀನಿ."

"ಟ್ರೇಲರಿನಲ್ಲೇ ಮಲಗೋದು. ಸುಳ್ಳು ಯಾಕೆ ಹೇಳಲಿ?"

"ಹೇಳೋ ಪುಣ್ಯಾತ್ಮ!"

"ಮನೆ ನನ್ನದೇ ಕಣೋ, ಗ್ಲೆನ್. ಬೇಕಾದ್ರೆ ಬಾ, ಒಳಗೆ ಕೂರಿಸಿ ಕಾಫಿ ಕೊಡ್ತೀನಿ" ಎಂದು ಆರ್ಲೋ ಜಂಬದಿಂದ ಬಾಗಿಲಿಗೆ ಹೋಗಿ ಹಿಡಿ ತಿರುಗಿಸಿದ. ಬೀಗ. ಬೀಗದ ಕೈ ಟ್ವೈಲಾಳ ಕೈಚೀಲದಲ್ಲಿ, ಕೈಚೀಲ ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಹಿತ್ತಿಲ ಬಾಗಿಲಿಗೂ ಬೀಗ. ಗ್ಲೆನ್ ತನ್ನ ಬೂಟಿನ ತುದಿಯನ್ನೇ ನೋಡುತ್ತ ನಿಂತಿದ್ದ.

"ಒಂದು ನಿಮಿಷ ತಡಿ" ಎಂದ ಆರ್ಲೋ, ಅಡುಗೆಮನೆಯ ಕಿಟಕಿಯನ್ನು ಮೇಲಕ್ಕೆತ್ತಿ, ತಲೆ, ತೋಳು, ಅರ್ಧ ಹೊಟ್ಟೆ ಒಳಗೆ ತುರುಕಿದ. ಉಳಿದ ಅರ್ಧ ಹೊಟ್ಟೆಗೆ ಒಳಗೆ ಹೋಗಲು ಮನಸ್ಸಿರಲಿಲ್ಲ. ವಾರವಿಡೀ ತಿಂದ ಬೋಗುಣಿಗಳ ಪ್ರಭಾವ.

ರಸ್ತೆಯಾಚೆಯಿಂದ ಬರ್ನೀಸಮ್ಮನ ಕೂಗು ಕೇಳಿತು. "ಆರ್ಲೋ! ಬೇಡಪ್ಪಾ! ಅದೀಗ ಬ್ಯಾಂಕಿನವರದ್ದು! ಹಿಡಿದು ಒಳಗೆ ಹಾಕ್ತಾರೆ!"

ನಾಲ್ಕು ಮನೆಯವರು ಹೊರಗೆ ಬಂದರು. ಇಬ್ಬರು ಕಾಲು ಹಿಡಿದು ಎಳೆದರು. ಹೊರಬಿದ್ದ ಆರ್ಲೋನನ್ನು ಗ್ಲೆನ್ ಎಬ್ಬಿಸಿ, ಮಣ್ಣು ಕೊಡವಿ, ಟ್ರೇಲರಿನೊಳಗೆ ಕೂರಿಸಿ ನೀರು ಕೊಟ್ಟ. ಟವೆಲು ಹುಡುಕಲು ಬಟ್ಟೆ ಬೀರು ತೆರೆದವನು ಹಾಗೇ ನಿಂತ. ಹನ್ನೊಂದು ಹೆಸರುಗಳಲ್ಲಿ ನಾಲ್ಕನೆಯದು ಅವನದೇ, ಮೊನ್ನೆ ಬರೆದಷ್ಟು ಸ್ಪಷ್ಟವಾಗಿತ್ತು.

"ಬೆಳಿಗ್ಗೆ ಐದಕ್ಕೆ ಫ್ಯಾಕ್ಟರಿ ಗಂಟೆ ಹೊಡೀತಿತ್ತು. ಒಂದು ಗಂಟೆಗೆಲ್ಲ ದಿನದ ಟ್ರೇಲರು ಮುಗಿಸಿ ಮೀನು ಹಿಡಿಯೋಕೆ ಹೋಗ್ತಿದ್ವಿ" ಎಂದ ಗ್ಲೆನ್ ಮೆಲ್ಲಗೆ. "ಆಗ ಕೈಬೆರಳಿಗೆ ಮೊಳೆ ಹೊಡ್ಕೊಂಡ್ರೂ ನಗ್ತಿದ್ವಿ, ಅಲ್ವಾ?"

"ಮೊಳೆ ಹೊಡ್ಕೊಂಡಿದ್ದು ನೀನು. ನಗ್ತಿದ್ದಿದ್ದು ನಾವು."

ಇಬ್ಬರೂ ನಕ್ಕರು. ಆ ಹನ್ನೊಂದು ಜನರಲ್ಲಿ ಈಗ ಕೆಲಸ ಇದ್ದವನು ಗ್ಲೆನ್ ಒಬ್ಬನೇ, ಅದೂ ಉಳಿದ ಹತ್ತು ಜನರ ಅಂಗಳಕ್ಕೆ ಹೋಗಿ ದಂಡ ಹಾಕುವ ಕೆಲಸ. ಅವನು ರಸೀತಿ ಪುಸ್ತಕದಲ್ಲಿ 'ಪ್ರವಾಸಿಗರು' ಎಂದು ಬರೆದು ಹೊರಟುಹೋದ.

ಶನಿವಾರ ಓಹಾಯೋದ ಗಿರಾಕಿ ಬಂದ. ಸೌಮ್ಯ ಸ್ವಭಾವದ, ಅಗಲ ಕಿವಿಯ ಮುದುಕ. ಆರ್ಲೋ ಮುಂಜಾನೆಯೇ ಎದ್ದು ಟ್ರೇಲರು ತೊಳೆದು, ಬೀರುವಿನ ಬಾಗಿಲು ಬಿಚ್ಚಿ ಇಟ್ಟುಕೊಳ್ಳಲೇ ಎಂದು ಸ್ಕ್ರೂಡ್ರೈವರು ಹಿಡಿದು, ಬಾಗಿಲಿಲ್ಲದ ಬೀರುವನ್ನು ಮಾರುವುದು ತನ್ನ ಕಸುಬಿಗೆ ಅವಮಾನವೆಂದು ಮತ್ತೆ ಕೆಳಗಿಟ್ಟಿದ್ದ. ಗಿರಾಕಿ ತನ್ನ ಗಾಡಿಯನ್ನು ಹಿಂದಕ್ಕೆ ತಂದು ಕೊಂಡಿ ಸಿಕ್ಕಿಸಲು ಇಳಿದು ನೋಡಿದರೆ, ಕೊಂಡಿಗೂ ಗಾಡಿಗೂ ನಡುವೆ ಮಡಿಸುವ ಕುರ್ಚಿ ಹಾಕಿಕೊಂಡು ಬರ್ನೀಸಮ್ಮ ಕೂತು ಸ್ವೆಟರು ಹೆಣೆಯುತ್ತಿದ್ದರು.

"ಸ್ವಲ್ಪ ಸರೀತೀರಾ, ತಾಯಿ?"

"ಸರಿಯೋಲ್ಲ. ಮನೆ ಹೋಯ್ತು, ಇದೊಂದು ಉಳಿದಿತ್ತು. ಇದನ್ನೂ ಕಿತ್ಕೊಂಡು ಹೋದ್ರೆ ಇವರು ಹುಲ್ಲಿನ ಮೇಲೆ ಮಲಗಬೇಕಾ? ನಿಮ್ಮ ಕಡೆ ಹೀಗೇನಾ?"

"ಬರ್ನೀಸಮ್ಮ, ನಾನೇ ಕರೆಸಿದ್ದು!" ಎಂದ ಆರ್ಲೋ.

"ನೋಡಿ, ನೋಡಿ. ಎಷ್ಟು ಕಷ್ಟ ಇದ್ರೆ ಬಾಯಿಂದ ಇಂಥ ಮಾತು ಬರುತ್ತೆ!" ಎಂದರು ಬರ್ನೀಸಮ್ಮ ಸುತ್ತ ನೆರೆದವರಿಗೆ. ನೆರೆದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕುರ್ಚಿ ತಂದು ಅವರ ಪಕ್ಕ ಹಾಕಿಕೊಂಡರು. ಒಬ್ಬರು ನಿಂಬೆ ಶರಬತ್ತು ಹಂಚಿದರು. ಗಿರಾಕಿಗೂ ಒಂದು ಲೋಟ ಸಿಕ್ಕಿತು.

"ಮನೆ ನಮ್ಮದೇ" ಎಂದ ಆರ್ಲೋ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಈ ಸಲ ಅವನಿಗೇ ಅಷ್ಟಾಗಿ ನಂಬಿಕೆ ಬರಲಿಲ್ಲ.

ಗಿರಾಕಿ ಮೊಣಕಾಲುದ್ದದ ಹುಲ್ಲು ನೋಡಿದ. ಪರದೆ ನೋಡಿದ. ಅವನ ಅಗಲ ಕಿವಿಗಳು ಕೆಂಪಾದವು. "ನನ್ನ ಮಗಳ ಮನೆಯೂ ಮಾರ್ಚಿನಲ್ಲಿ ಹೀಗೇ ಹೋಯ್ತು, ಸ್ವಾಮಿ" ಎಂದು ಹೇಳಿ, ಗಾಡಿಯ ಹಿಂಭಾಗದಿಂದ ಒಂದು ಚೀಲ ಎಳೆ ಜೋಳದ ತೆನೆ ತೆಗೆದು ಆರ್ಲೋನ ತೋಳಿಗೆ ತುಂಬಿ, ಎಷ್ಟು ಕೂಗಿದರೂ ತಿರುಗಿ ನೋಡದೆ ಹೊರಟುಹೋದ.

ಜನ ಚಪ್ಪಾಳೆ ತಟ್ಟಿದರು. ಕೆಲಸದಿಂದ ಬಂದ ಟ್ವೈಲಾ ಜೋಳದ ತೆನೆ ನೋಡಿದಳು, ಟ್ರೇಲರು ನೋಡಿದಳು, ಗಂಡನ ಮುಖ ನೋಡಿದಳು.

"ನಿನಗೆ ಬೇಜಾರಾಗಿದೆಯೋ, ಖುಷಿಯಾಗಿದೆಯೋ? ಒಂದನ್ನ ಹೇಳು."

"ನನಗೂ ಗೊತ್ತಾಗ್ತಿಲ್ಲ ಕಣೇ" ಎಂದ ಆರ್ಲೋ. ಅದು ನಿಜವೇ ಆಗಿತ್ತು. ಚಳಿಗಾಲ ನೆನೆದರೆ ಜೀವ ಹಾರುತ್ತಿತ್ತು, ಟ್ರೇಲರು ಅಂಗಳದಲ್ಲೇ ನಿಂತಿರುವುದು ಕಂಡರೆ ಕುಣಿಯಬೇಕು ಅನಿಸುತ್ತಿತ್ತು. "ಇನ್ನೊಬ್ಬ ಗಿರಾಕಿ ಸಿಗ್ತಾನೆ. ಆದರೆ ಮೊದಲು ಆ ಮುದುಕಿಯನ್ನ ಕೂರಿಸಿ ಬುದ್ಧಿ ಹೇಳ್ತೀನಿ."

ಮಾರನೆಯ ದಿನ ರಜೆ ಮುಗಿಯಿತು. ಪರದೆಗಳು ತೆರೆದವು, ಬೀಗ ಬಿಚ್ಚಿತು, ಆರ್ಲೋ ಹುಲ್ಲು ಕತ್ತರಿಸಿದ. ಮನೆಯೊಳಗಿಂದ ಕಾಫಿಯ ಲೋಟ ಹಿಡಿದು ಟ್ವೈಲಾ ಹೊರಬಂದದ್ದನ್ನು ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ನೋಡಿತು. ಮಧ್ಯಾಹ್ನ ಬರ್ನೀಸಮ್ಮ ರಸ್ತೆ ದಾಟಿ ಬಂದರು. ಈ ಸಲ ಅವರ ಕೈಯಲ್ಲಿ ಬೋಗುಣಿಯೂ ಇರಲಿಲ್ಲ, ಹೆಣಿಗೆಯೂ ಇರಲಿಲ್ಲ. ಆರ್ಲೋ ಹೇಳಬೇಕೆಂದಿದ್ದ ಬುದ್ಧಿಮಾತನ್ನೆಲ್ಲ ನಾಲಗೆ ತುದಿಗೆ ತಂದುಕೊಂಡ.

"ಹಾಗಾದ್ರೆ ಮನೆ ನಿಮ್ಮದೇ" ಎಂದರು ಬರ್ನೀಸಮ್ಮ.

"ಎರಡು ವಾರದಿಂದ ಅದನ್ನೇ ಬಡ್ಕೊಂಡೆ!"

"ಒಳ್ಳೇದಾಯ್ತು. ತುಂಬ ಒಳ್ಳೇದಾಯ್ತು." ಅವರು ಟ್ರೇಲರಿನ ಮೆಟ್ಟಿಲ ಮೇಲೆ ಕೂತರು. "ಈ ಒಲೆ ಹಚ್ಚೋದು ಹೇಗಪ್ಪಾ?"

ಒಲೆಯ ಮಾತು ಬಂದಮೇಲೆ ಆರ್ಲೋಗೆ ಬುದ್ಧಿಮಾತು ಎಲ್ಲಿ ನೆನಪಿರಬೇಕು? ಒಲೆ ಹಚ್ಚಿ ತೋರಿಸಿದ. ಹೀಟರು ತೋರಿಸಿದ. ಬೀರುಗಳನ್ನು ಒಂದೊಂದಾಗಿ ತೆರೆದು, "ನೋಡಿ, ಇಪ್ಪತ್ತೆರಡು ವರ್ಷ, ಕಿರ್ ಅನ್ನಲ್ಲ" ಎಂದ. ಮೇಜು ಮಡಿಸಿ ಹಾಸಿಗೆ ಮಾಡಿ, ಹಾಸಿಗೆ ಮಡಿಸಿ ಮೇಜು ಮಾಡಿದ. ಫ್ಯಾಕ್ಟರಿಯ ಮಾರಾಟಗಾರರು ಕೂಡ ಅಷ್ಟು ಚೆನ್ನಾಗಿ ತೋರಿಸುತ್ತಿರಲಿಲ್ಲ. ಬರ್ನೀಸಮ್ಮ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು.

"ಒಬ್ಬಳಿಗೆ ಸಾಕಾಗುತ್ತೆ, ಅಲ್ವಾ?" ಎಂದರು. "ಇಂಥದ್ದು ಒಂದು ತಗೊಂಡು ಎಲ್ಲಾದ್ರೂ ಮರದ ಕೆಳಗೆ ನಿಲ್ಲಿಸ್ಕೊಂಡ್ರೆ. ನನಗೆ ಒಂದನೇ ತಾರೀಕಿನವರೆಗೆ ಟೈಮು ಕೊಟ್ಟಿದ್ದಾರೆ."

ಆರ್ಲೋಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಟ್ವೈಲಾಗೆ ಆಯಿತು.

"ಅವರು ತೀರಿಕೊಂಡಮೇಲೆ ಸೂರಿನ ರಿಪೇರಿಗೆ ಅಂತ ಮನೆ ಅಡವಿಟ್ಟು ಸಾಲ ತಗೊಂಡಿದ್ದೆ" ಎಂದರು ಬರ್ನೀಸಮ್ಮ, ಬೇರೆ ಯಾರದೋ ಸುದ್ದಿ ಹೇಳುವಷ್ಟು ಸಲೀಸಾಗಿ. "ಯಾರಿಗೂ ಹೇಳಿಲ್ಲ. ಹದಿನೆಂಟು ವರ್ಷ ಎಲ್ಲರ ಮನೆಗೂ ಬೋಗುಣಿ ಹೊತ್ತೆ. ನನ್ನ ಮನೆಗೆ ಬೋಗುಣಿ ಬಂದ್ರೆ ಎಲ್ಲಿಡಬೇಕು ಅಂತ ನನಗೆ ಗೊತ್ತಾಗಲ್ಲ ಕಣಪ್ಪಾ. ನೀವು ಇದರಲ್ಲಿ ನಗ್ತಾ ಇದ್ದಿದ್ದು ಕಂಡು ಸ್ವಲ್ಪ ಧೈರ್ಯ ಬಂತು. ಅದಕ್ಕೇ ದಿನಾ ಬರ್ತಿದ್ದೆ." ಎದ್ದು, ಸೆರಗಿಲ್ಲದ ಊರಿನವರಾದ್ದರಿಂದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, ರಸ್ತೆ ದಾಟಿ ಹೋದರು.

ಆ ಸಂಜೆ ಶ್ರಾಕ್ ದಂಪತಿ ಅಡುಗೆಮನೆಯಲ್ಲಿ ಹತ್ತೊಂಬತ್ತು ಬೋಗುಣಿ ತೊಳೆದು ಒರೆಸಿ ಸಾಲಾಗಿ ಜೋಡಿಸಿದರು. ಖಾಲಿ ಕೊಡುವಂತಿಲ್ಲವಲ್ಲ. ಓಹಾಯೋದ ಮುದುಕನ ಜೋಳದ ತೆನೆಯನ್ನು ಟ್ವೈಲಾ ಒಂದೊಂದಕ್ಕೆ ಎರಡರಂತೆ ಹಾಕುತ್ತ ಬಂದಳು. ಹದಿನೆಂಟಕ್ಕೆ ಸರಿಹೋಯಿತು. ಕೊನೆಯದಕ್ಕೆ ತೆನೆ ಉಳಿಯಲಿಲ್ಲ. ಎತ್ತಿ ತಳ ನೋಡಿದಳು. ಬರ್ನೀಸ್ ಲೀಬರ್ಟ್.

"ಮೊಟ್ಟೆ ಇದೆಯಾ ನೋಡು" ಎಂದಳು.

ಆರ್ಲೋ ಮೊಟ್ಟೆ ಹುಡುಕಲಿಲ್ಲ. ಕಿಟಕಿಯಿಂದ ಅಂಗಳದ ಕಡೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಟ್ರೇಲರಿನ ಬೀಗದ ಕೈ ತೆಗೆದು ಬೋಗುಣಿಯೊಳಗೆ ಇಟ್ಟ. ಗಾಜಿಗೆ ತಗುಲಿ ಅದು ಠಣ್ ಎಂದಿತು.

ಟ್ವೈಲಾ ಬೋಗುಣಿಯನ್ನೇ ನೋಡುತ್ತ ನಿಂತಳು. "ಚಳಿಗಾಲಕ್ಕೆ ಅಂತ ಮಾರೋಕೆ ಹೊರಟಿದ್ದು" ಎಂದಳು.

"ಹೌದು ಕಣೇ. ಚಳಿಗಾಲಕ್ಕೇ."

ಅವಳು ಬೋಗುಣಿಯ ಮೇಲೆ ಒಂದು ಒಗೆದ ಟವೆಲು ಮುಚ್ಚಿದಳು. ನಾಳೆಯಿಂದ ಸಂಜೆ ಪಾಳಿಯನ್ನೂ ಕೇಳುತ್ತೇನೆ, ನೀನು ಬೀದಿಯವರ ಬೀರು ಬಾಗಿಲು ರಿಪೇರಿ ಶುರುಮಾಡು ಎಂದಳು. ಆರ್ಲೋ ತಲೆಯಾಡಿಸಿದ. ಬೋಗುಣಿ ಕೊಟ್ಟು ಬರಲು ಅವನೇ ರಸ್ತೆ ದಾಟಿದ. ಬರ್ನೀಸಮ್ಮ ಬಾಗಿಲು ತೆರೆದು, ಟವೆಲು ಸರಿಸಿ ನೋಡಿ, ಮತ್ತೆ ಜೋಪಾನವಾಗಿ ಮುಚ್ಚಿ, "ಉಪ್ಪು ಕಮ್ಮಿ ಆಗಿತ್ತಾ, ನೂಡಲ್ಸಿಗೆ?" ಎಂದು ಕೇಳಿದರು.

"ಸರಿಯಾಗಿತ್ತು, ಬರ್ನೀಸಮ್ಮ" ಎಂದ ಆರ್ಲೋ.

ಆಗಸ್ಟ್ ಮೊದಲ ವಾರದಲ್ಲಿ ಗ್ಲೆನ್ ಪ್ಲೆಚರ್ ಮತ್ತೆ ರಸೀತಿ ಪುಸ್ತಕ ಹಿಡಿದು ಬಂದ. ಬಟ್ಟೆಯ ಚಪ್ಪರದಡಿ ಬರ್ನೀಸಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಸ್ವೆಟರು ಹೆಣೆಯುತ್ತಿದ್ದರು. ಪಕ್ಕದಲ್ಲಿ ಒಂದು ಗಾಜಿನ ಬೋಗುಣಿ, ತಳದಲ್ಲಿ ಶ್ರಾಕ್ ಎಂಬ ಹೆಸರು, ಮೇಲೆ ಸ್ವಲ್ಪ ಸೀದುಹೋದ ಚೀಸು. ಆರ್ಲೋ ಜನ್ಮದಲ್ಲಿ ಮೊದಲ ಸಲ ಮಾಡಿದ್ದು.

ಗ್ಲೆನ್ ಟೋಪಿ ತೆಗೆದ. "ಬರ್ನೀಸಮ್ಮ, ಕೇಳಲೇಬೇಕು, ತಪ್ಪು ತಿಳೀಬೇಡಿ. ನೀವಿಲ್ಲಿ ವಾಸ ಇದ್ದೀರಾ?"

"ವಾಸ ಯಾಕಪ್ಪಾ ಇರಲಿ?" ಎಂದರು ಬರ್ನೀಸಮ್ಮ, ಹೆಣಿಗೆಯಿಂದ ಕಣ್ಣೆತ್ತದೆ. "ರಜೆಗೆ ಬಂದಿದ್ದೀನಿ."

ಗ್ಲೆನ್ ಅಂಗಳದ ಮೂಲೆಯ ಹಳದಿ ಅಂಕಿಯ ಹಲಗೆಯ ಕಡೆ ಒಮ್ಮೆ ನೋಡಿ, ಪುಸ್ತಕ ತೆರೆದು, ವಿಳಾಸದ ಜಾಗದಲ್ಲಿ ದುಂಡಗೆ ಬರೆದುಕೊಂಡ: ಲೂನ್ ಸರೋವರ, ನಂಬರು ಹದಿನಾಲ್ಕು.